ಫಕೀರವ್ವ ಹೊಲಕ್ಕೆ ಕಸ ಹಾಕಿದ ದಿನ

ಅತ್ತೆ-ಸೊಸೆ ಕಥೆ ಅಂದ ಕೂಡಲೇ ಜಗಳ ಹುಡುಕಬೇಡಿ... ಇದರಲ್ಲಿ ಜಗಳ ಇಲ್ಲ. ಸ್ವಲ್ಪ ಬಿಡುವು ಮಾಡಿಕೊಂಡು ಕೊನೆಯವರೆಗೂ ಓದಿ.

ಗದಗ ಕಡೆಯ ಒಂದು ಊರು. ಎರೆಮಣ್ಣಿನ ಸೀಮೆ.

ಆ ಊರಲ್ಲಿ ಫಕೀರವ್ವನ ಹೊಲ ಅಂದರೆ ಎಲ್ಲರಿಗೂ ಗೊತ್ತು. ಸುಗ್ಗಿ ಮುಗಿದ ಮೇಲೆ ಅಲ್ಲಿ ಒಂದು ಕೂಳೆ ಕಾಣುವುದಿಲ್ಲ, ಒಂದು ಕಡ್ಡಿ ಸಿಗುವುದಿಲ್ಲ. ಹೊಲ ಹೊಲಸು ಇಟ್ಟುಕೊಂಡವರನ್ನು ಆಕೆ ಕುಂಟೆ ಹೊಡೆದಂತೆ ಮಾತಿನಲ್ಲೇ ಹರಗಿಬಿಡುತ್ತಿದ್ದಳು!

ಅಂಥವಳ ಸೊಸೆ ಶೈಲಾ. ಊರಿನ ಮಹಿಳಾ ಸಂಘದ ಟ್ರ್ಯಾಕ್ಟರ್ ಓಡಿಸುವವಳು. ಈ ವರ್ಷ ಸಂಘಕ್ಕೆ ಒಂದು ಹೊಸ ಮಷೀನ್ ಬಂತು... ಸ್ಟ್ರಿಪ್ ಟಿಲ್.

ಇದು ಇಡೀ ಹೊಲ ಉಳುವುದಿಲ್ಲ. ಬೀಜ ಬೀಳುವ ಸಾಲಿನಲ್ಲಿ ಮಾತ್ರ ಒಂದು ಪಟ್ಟಿ ಮಣ್ಣು ಸಡಿಲ ಮಾಡುತ್ತದೆ. ನಡುವಿನ ಜಾಗದಲ್ಲಿ ಹಿಂದಿನ ಬೆಳೆಯ ಕೂಳೆ, ದಂಟು, ಒಣಗಿದ ಗರಿಯ ರವದಿ ಎಲ್ಲ ಹಾಗೇ ಬಿದ್ದಿರಬೇಕು. ಅದೇ ನೆಲದ ತೇವ ಕಾಯುತ್ತದೆ.

ಫಕೀರವ್ವನಿಗೆ ಇದು ಹೇಗೆ ಹಿಡಿಸೀತು?

"ಹೊಲಾ ಹೊಲಸ ಇಟ್ಟು, ಮಷೀನ್ ತಿಕ್ಕಿ ತೊಳಿತಾಳ ನೋಡ್ರಿ ನನ್ನ ಸೊಸಿ!" ಅಂತ ಓಣಿಯವರ ಮುಂದೆ ಗೇಲಿ ಮಾಡುತ್ತಿದ್ದಳು.

ಶೈಲಾ ನಗುತ್ತಿದ್ದಳು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ನಟ್-ಬೋಲ್ಟ್ ಬಿಗಿ ಮಾಡು, ಬೇರಿಂಗಿಗೆ ಗ್ರೀಸ್ ಹೊಡಿ, ದಂಟು ಕತ್ತರಿಸುವ ತಟ್ಟೆಯ ಹರಿತ ನೋಡು... ಮನೆಯ ಎಮ್ಮೆಗೂ ಇಷ್ಟು ಉಪಚಾರ ಇರಲಿಲ್ಲ.

ಕೃಷಿ ಇಲಾಖೆಯವರು ಮಷೀನ್ ಕೊಟ್ಟಿದ್ದು ಟ್ರಯಲ್‌ಗೆ ಮಾತ್ರ. ಸುತ್ತಲಿನ ರೈತರೆದುರು ಓಡಿಸಿ ತೋರಿಸಬೇಕು. ಅವರು ಒಪ್ಪಿ ಬಾಡಿಗೆಗೆ ಕೇಳಿದರೆ ಇಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಬೇರೆ ತಾಲ್ಲೂಕಿನ ಪಾಲು.

ಶೈಲಾ ತನ್ನ ಮನೆಯ ಹೊಲದಲ್ಲೇ ತೋರಿಸುತ್ತೇನೆ ಅಂದಳು. ಗೋವಿನಜೋಳ ಕೊಯ್ದ ಹೊಲ. ದಂಟು ಮುಟ್ಟದೆ ಬಿಟ್ಟಿದ್ದಳು.

ತೋರಿಸುವ ಹಿಂದಿನ ದಿನ ಬೇರಿಂಗ್ ತರಲು ಪೇಟೆಗೆ ಹೋದವಳು ತಿರುಗಿ ಬಂದಾಗ ರಾತ್ರಿಯಾಗಿತ್ತು...

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ತೆಗೆದುಕೊಂಡು ಹೊಲಕ್ಕೆ ಬಂದು ನೋಡಿದರೆ... ಹೊಲ ಬೋಳು!

ದಂಟೆಲ್ಲ ಬದುವಿನ ಮೇಲೆ ಬಣವೆಯಾಗಿ ಬಿದ್ದಿತ್ತು. ಪಕ್ಕದಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಫಕೀರವ್ವ ನಿಂತಿದ್ದಳು.

"ನಿನ್ನೆ ಓಣಿ ಹೆಂಗಸರನ್ನ ಕರಕೊಂಡು ಬಂದು ಎಲ್ಲಾ ಕಿತ್ತು ಆರಿಸೇನಿ. ನಾಕು ಊರ ಮಂದಿ ಬರತಾರ. ನನ್ನ ಸೊಸಿ ಹೊಲಾ ನೋಡಿ ಯಾರೂ ಹೊಲಸು ಅನಬಾರದು."

ಶೈಲಾ ಟ್ರ್ಯಾಕ್ಟರ್ ಇಳಿದು ಬಣವೆಯತ್ತ ಓಡಿದಳು. ಅಷ್ಟರಲ್ಲೇ ಜೀಪು, ಬೈಕುಗಳು ಬಂದು ನಿಂತವು.

"ಏನಮ್ಮಾ ಇದು? ದಂಟಿನ ನಡುವೆ ಮಷೀನ್ ಹೇಗೆ ಓಡುತ್ತೆ ಅಂತ ತೋರಿಸಬೇಕಿತ್ತು. ಯಾರು ತೆಗೆಸಿದ್ದು?" ಅಂದರು ಕೃಷಿ ಅಧಿಕಾರಿ.

ಪಕ್ಕದೂರಿನ ದೊಡ್ಡ ರೈತ ಚನ್ನಬಸನಗೌಡರು ಬೈಕಿಗೆ ಕೀಲಿ ಹಾಕಿದರು. "ಬೋಳು ಹೊಲದಾಗ ಯಾವ ಮಷೀನರ ಓಡತೈತಿ. ಇದರಾಗ ನೋಡೂದ್ ಏನೈತಿ?"

ಶೈಲಾ ಅತ್ತೆಯ ಕಡೆ ಬೆರಳು ತೋರಿಸಬಹುದಿತ್ತು... ತೋರಿಸಲಿಲ್ಲ.

"ತಪ್ಪು ನಂದೇರಿ ಸರ್. ಮಷೀನ್ ಸುದ್ದಿ ಊರಿಗೆಲ್ಲಾ ಹೇಳಿದೆ, ಮನ್ಯಾಗ ಕುಂತು ನಮ್ಮ ಅತ್ತಿಯವರಿಗೆ ತಿಳಿಸಿ ಹೇಳಲಿಲ್ಲ."

ಫಕೀರವ್ವ ಕೇಳಿಸಿಕೊಂಡಳು. ಸೊಸೆಯ ಕಣ್ಣಲ್ಲಿ ನೀರು ತುಂಬಿತ್ತು. ತಾನು ಏನು ಮಾಡಿಬಿಟ್ಟೆ ಅಂತ ಮುದುಕಿಗೆ ಆಗ ಅರ್ಥವಾಯಿತು.

ನೆಟ್ಟಗೆ ಬದುವಿಗೆ ಹೋದಳು. ಹೊಸ ಸೀರೆಯ ಸೆರಗು ಸೊಂಟಕ್ಕೆ ಬಿಗಿದಳು. ದಂಟಿನ ದೊಡ್ಡ ಹೊರೆ ಎದೆಗವಚಿಕೊಂಡು ಬಂದು... ಹೊಲದ ನಡುವೆ ಚೆಲ್ಲಿದಳು!

ಯಾರೋ ಕಿಸಕ್ಕನೆ ನಕ್ಕರು. "ಫಕೀರವ್ವ ಹೊಲಕ್ಕ ಕಸಾ ಹಾಕಾಕತ್ತಾಳಲೇ!"

"ಹೌದೋ, ಹಾಕಾಕತ್ತೇನಿ! ನಗೂದ್ ಮುಗದಿದ್ರ ನೀನೂ ಒಂದು ಹೊರಿ ತಾ!"

ಮೊದಲು ಸಂಘದ ಹೆಂಗಸರು ಓಡಿದರು. ಆಮೇಲೆ ನಕ್ಕವರೂ ನಾಚಿಕೊಂಡು ಹೊರೆ ಹೊತ್ತರು. ಗೌಡರು ಬೈಕಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು.

ಆದರೆ ಇನ್ನೊಂದು ಕಷ್ಟ ಕಾದಿತ್ತು... ಬೇರು ಹಿಡಿದು ನಿಂತ ಕೂಳೆ ಬೇರೆ, ಕಿತ್ತು ಚೆಲ್ಲಿದ ದಂಟು ಬೇರೆ. ಸಡಿಲ ದಂಟು ಉರುಳಿ ಉರುಳಿ ಮಷೀನಿಗೆ ಸಿಕ್ಕಿಕೊಳ್ಳುತ್ತದೆ.

ಹಾಗೇ ಆಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ದಂಟು ಗುಡ್ಡೆ ಕಟ್ಟಿ ಮಷೀನ್ ನಿಂತೇಬಿಟ್ಟಿತು. ಎಲ್ಲರೂ ಮುಖ ಮುಖ ನೋಡಿಕೊಂಡರು.

ಶೈಲಾ ಗಾಬರಿಯಾಗಲಿಲ್ಲ. ಇಂಜಿನ್ ಬಂದ್ ಮಾಡಿ ಇಳಿದು, ಸಿಕ್ಕಿಕೊಂಡ ದಂಟು ಎಳೆದು ಹಾಕಿದಳು. ಸಾಲಿನ ಕಸ ಬದಿಗೆ ಸರಿಸುವ ಹಲ್ಲಿನ ಚಕ್ರಗಳನ್ನು ಸ್ಪ್ಯಾನರ್ ಹಿಡಿದು ಒಂದು ತೂತು ಕೆಳಗಿಳಿಸಿದಳು. ಕತ್ತರಿಸುವ ತಟ್ಟೆ ಗಟ್ಟಿಯಾಗಿ ಒತ್ತುವಂತೆ ಸ್ಪ್ರಿಂಗ್ ಬಿಗಿ ಮಾಡಿದಳು. ಮತ್ತೆ ಹತ್ತಿದಳು.

ಈ ಸಲ... ದಂಟು ಕರಕರನೆ ತುಂಡಾಯಿತು. ಕಸ ಎರಡೂ ಬದಿಗೆ ಸರಿಯಿತು. ಹಿಂದೆ ಕಪ್ಪು ಮಣ್ಣಿನ ಪಟ್ಟಿ ಬೈತಲೆ ತೆಗೆದಂತೆ ನೆಟ್ಟಗೆ ಮೂಡುತ್ತಾ ಹೋಯಿತು!

ಗೌಡರು ಬಗ್ಗಿ ಮಣ್ಣು ಹಿಂಡಿ ನೋಡಿದರು. "ಸಡಿಲ ಕಸದಾಗನ ಹಿಂಗ ಓಡತೈತಿ ಅಂದ್ರ, ಕೂಳಿ ನಿಂತ ನಮ್ಮ ಹೊಲದಾಗ ಇನ್ನೂ ಚಲೋ ಓಡತೈತಿ. ಕಡ್ಲಿ ಬಿತ್ತೂಕಿಂತ ಮೊದಲ ನಮ್ಮ ಕಡೆ ಯಾವಾಗ ಬರತಿ ತಂಗಿ?"

ಅವರ ಹಿಂದೆ ಉಳಿದವರೂ ಮುಗಿಬಿದ್ದು ಕೇಳತೊಡಗಿದರು. ಮಷೀನ್ ಊರಲ್ಲೇ ಉಳಿಯಿತು.

ಫಕೀರವ್ವ ಬದುವಿನ ಮೇಲೆ ಕೂತಿದ್ದಳು. ಹೊಸ ಸೀರೆ ತುಂಬಾ ರವದಿ. ಶೈಲಾ ಓಡಿಬಂದು ಆಕೆಯ ಕಾಲ ಬಳಿ ಕೂತಳು.

"ಅತ್ತಿ... ಇಷ್ಟು ಮಂದಿ ಮುಂದ ನಿಮ್ಮ ಮರ್ಯಾದಿ ಹೋದಂಗಾತು."

ಮುದುಕಿ ಸೊಸೆಯ ಗ್ರೀಸ್ ಹತ್ತಿದ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ಹುಚ್ಚಿ! ಮದುವಿಯಾಗಿ ಬಂದಾಗಿಂದ ಮಂದಿ ನನ್ನ ಹೊಲಾನ ತೋರಿಸಿ ಮಾತಾಡತಿದ್ರು. ಇವತ್ತ ನನ್ನ ತೋರಿಸಿ 'ಆಕಿ ನೋಡು, ಶೈಲಾನ ಅತ್ತಿ' ಅಂದ್ರು. ಎದಿ ತುಂಬಿ ಬಂತವ್ವಾ..."

ತನ್ನವರು ಗೆಲ್ಲಲಿ ಅಂತ ತನ್ನ ಹೆಸರನ್ನೇ ಬದಿಗಿಡುವವರು ನಿಜಕ್ಕೂ ದೊಡ್ಡವರು.

ನಿಮ್ಮ ಗೆಲುವಿಗಾಗಿ ನಾಲ್ಕು ಜನರ ನಗೆ ನುಂಗಿಕೊಂಡವರು ಯಾರು...? ಅದು ನಿಮಗೆ ಗೊತ್ತಿದೆ ಅಂತ ಅವರಿಗೆ ಒಮ್ಮೆಯಾದರೂ ಹೇಳಿದ್ದೀರಾ?