ಹಸಿರು ಚಪ್ಪರ

“ಮೊದಲು ಆ ನೀಲಿ ಟಾರ್ಪಾಲು ಬಿಚ್ಚಿ ಮಾರ್ರೆ,” ಎಂದರು ಶರತ್ಚಂದ್ರ, ಜೀಪಿನಿಂದ ಕಾಲು ಕೆಳಗಿಡುವ ಮೊದಲೇ. ಸ್ನೇಹಸಿಂಚನ ಸೇವಾ ಬಳಗದ ಅಧ್ಯಕ್ಷರು ಅವರು. ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡವರಿಗೆ ನೆರವು ಹಂಚುವ ಸಭೆ ಅಂದೇ ಮಧ್ಯಾಹ್ನ. ಅವರು ಬೊಟ್ಟು ಮಾಡಿದ ಟಾರ್ಪಾಲಿನ ಅಡಿಯಲ್ಲಿ, ಅಂಥವರಲ್ಲಿ ಒಬ್ಬಳಾದ ಪ್ರೇಮಾವತಿಯ ಮಗಳು ಪೂಜಾಶ್ರೀ ತನ್ನ ಹಸುಗೂಸನ್ನು ಮಲಗಿಸಿಕೊಂಡಿದ್ದಳು.

“ಬಿಚ್ಚಿದ್ರೆ ಮಗುವಿಗೆ ಬಿಸಿಲು ಬೀಳ್ತದಲ್ಲ ಸಾರ್?” ಎಂದಳು ಪ್ರೇಮಾವತಿ.

“ಎಂತ ಮಾಡುದು ಹೇಳಿ. ಸಭೆಗೆ ಹರಿತ ಚಟ್ಟ ಉಂಟು. ಒಂದು ತುಂಡು ಪ್ಲಾಸ್ಟಿಕ್ ಕಾಣ್ಲಿಕ್ಕಿಲ್ಲ. ಪರಿಸರ ಅಂತ ಒಂದು ಉಂಟಲ್ಲ?”

ಮಲಯಾಳ ಮಾತಿನ ಈ ಹರಿತ ಚಟ್ಟವೆಂದರೆ ಸಾರ್ವಜನಿಕ ಸಭೆಗಳಿಗೆ ಸರಕಾರ ಮಾಡಿದ ಹಸಿರು ನಿಯಮ. ಒಳ್ಳೆಯ ನಿಯಮವೇ. ಆದರೆ ಹಿಂದಿನ ವಾರ ಸೀತಾಂಗೋಳಿಯಾಚೆಯ ಆ ಗುಡ್ಡಕ್ಕೆ ಬಂದ ಬೆಂಕಿಗೆ ನಿಯಮಗಳ ಪರಿಚಯವಿರಲಿಲ್ಲ. ಒಣಹುಲ್ಲಿನಲ್ಲಿ ಹೊತ್ತಿಕೊಂಡು, ಗೇರುಮರಗಳನ್ನು ನುಂಗಿ, ಹಲಗೆ, ತೆಂಗಿನಗರಿಯ ಮಡಲಿನ ಗುಡಿಸಲುಗಳನ್ನು ಒಂದನ್ನೂ ಬಿಡದೆ ಮುಗಿಸಿಯೇ ಅದು ಇಳಿದುಹೋಗಿತ್ತು. ಪಕ್ಕದಲ್ಲೇ ಅವರಿಗೆಂದು ಸರಕಾರಿ ಯೋಜನೆಯ ಮನೆಗಳು ಏಳುತ್ತಿದ್ದವು. ಏಳುತ್ತಿದ್ದವು ಎಂದರೆ, ಅಡಿಪಾಯ ಹಾಕಿ ಎರಡು ಮಳೆಗಾಲ ಕಳೆದಿತ್ತು. ಅಲ್ಲಿ ಮಾತ್ರ ಬೆಂಕಿಗೂ ಸುಡಲು ಏನೂ ಸಿಕ್ಕಿರಲಿಲ್ಲ. ಅಂಥ ಒಂದು ಅಡಿಪಾಯದ ಮೇಲೆಯೇ ಪ್ರೇಮಾವತಿ, ಯಾರೋ ಪುಣ್ಯಾತ್ಮರು ಕೊಟ್ಟ ಟಾರ್ಪಾಲು ಎಳೆದು ಬಾಣಂತಿ ಮಗಳನ್ನು ಕೂರಿಸಿದ್ದಳು. ಬಳಗದ ಹುಡುಗರು ಅದನ್ನು ಬಿಚ್ಚಿ, ಮಡಚಿ, ಜೀಪಿಗೆ ಹಾಕಿಕೊಂಡರು.

ಪ್ಲಾಸ್ಟಿಕ್ ಹೋದ ಮೇಲೆ ಹಸಿರು ಬರಬೇಕಲ್ಲ. ಪಿಕಪ್ಪಿನಲ್ಲಿ ಹಸಿ ತೆಂಗಿನ ಮಡಲು ಬಂತು. ಅತಿಥಿಗಳಿಗೆ ಚಪ್ಪರ. ಹೆಣೆಯಲು ಬಳಗದವರಿಗೆ ಬರುತ್ತಿರಲಿಲ್ಲ, ಆದ್ದರಿಂದ ಸಂತ್ರಸ್ತರಿಗೇ ಶ್ರಮದಾನದ ಅವಕಾಶ ಒದಗಿಸಲಾಯಿತು. ಪ್ರೇಮಾವತಿಯೂ ಉಳಿದ ಹೆಂಗಸರೂ ನಡುಹಗಲಿನವರೆಗೆ ಬಿಸಿಲಲ್ಲಿ ಕೂತು ಹೆಣೆದರು. ಅಡಕೆ ಕಂಬದ ಮೇಲೆ ಮಡಲು ಏರಿ, ಮಾರ್ಗದ ಬದಿಯಲ್ಲಿ ತಂಪಾದ ದೊಡ್ಡ ಚಪ್ಪರ ಎದ್ದು ನಿಂತಿತು. ಸುಟ್ಟು ಕರಕಲಾದ ಇಡೀ ಗುಡ್ಡದಲ್ಲಿ ನೆರಳೆಂದು ಇದ್ದದ್ದು ಅದೊಂದೇ.

ಪೂಜಾಶ್ರೀ ಮಗುವನ್ನು ಎತ್ತಿಕೊಂಡು ಮೆಲ್ಲನೆ ಒಳಗೆ ಬಂದಳು. ಮಗುವಿನ ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿತ್ತು.

“ಅದು ಅತಿಥಿಗಳ ಜಾಗ ಮಾರಾಯ್ತಿ,” ಎಂದರು ಶರತ್ಚಂದ್ರ, ತುಂಬ ಪ್ರೀತಿಯಿಂದ. “ನಿಮಗೆ ಎದುರಿಗೆ ಕುರ್ಚಿ ಉಂಟು. ಅಲ್ಲಿ ಬೆಳಕು ಲಾಯ್ಕುಂಟು, ಫೋಟೋ ಸ್ಪಷ್ಟ ಬರ್ತದೆ.”

ಬೆಳಕು ನಿಜಕ್ಕೂ ಚೆನ್ನಾಗಿತ್ತು. ಅದರಲ್ಲಿ ಕೂತು ಅವರು ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಎಲ್ಲವನ್ನೂ ಕೇಳಿದರು. ಪೂಜಾಶ್ರೀಯ ಶಾಲಿನೊಳಗೆ ಮಗು ಅತ್ತು ಅತ್ತು ದನಿ ಬತ್ತಿಸಿಕೊಂಡಿತು. ಪ್ರೇಮಾವತಿ ಸೆರಗಿನಿಂದ ಅದಕ್ಕೆ ನೆರಳು ಹಿಡಿದಳು. ಕೊಡುವವರ ಎದುರು ಸಿಟ್ಟು ತೋರಿಸುವುದು ಹೇಗೆ? ಏನು ಕೊಡುತ್ತಾರೆಂದು ಇನ್ನೂ ಗೊತ್ತಿರಲಿಲ್ಲ.

ಕೊಟ್ಟದ್ದು ಬೆಂಕಿ ನಂದಿಸುವ ಸಿಲಿಂಡರು. ಮನೆಗೊಂದು, ಕೆಂಪು ಬಣ್ಣದ್ದು, ಬಳಗದ ಹೆಸರು ಬರೆದದ್ದು. ಮನೆ ಇಲ್ಲದಿರುವುದು ಬೇರೆ ವಿಷಯ. ಮುಖ್ಯ ಅತಿಥಿಗಳು ಬಳಕೆಯ ಕ್ರಮವನ್ನೂ ಹೇಳಿಕೊಟ್ಟರು: “ಗೋಡೆಗೆ ಮೊಳೆ ಹೊಡೆದು, ಕೈಗೆ ಎಟುಕುವ ಎತ್ತರದಲ್ಲಿ ನೇತುಹಾಕಿ.” ಚಪ್ಪರದೊಳಗಿನವರು ಚಪ್ಪಾಳೆ ತಟ್ಟಿದರು. ಬಿಸಿಲಲ್ಲಿದ್ದವರು ತಟ್ಟಲಿಲ್ಲ, ಅವರ ಎರಡೂ ಕೈಗಳಲ್ಲಿ ಸಿಲಿಂಡರಿತ್ತು.

ಅತಿಥಿಗಳೂ ಬಳಗದವರೂ ಊಟಕ್ಕೆ ಹೊರಟಾಗ ಪ್ರೇಮಾವತಿ ಜೀಪಿನ ಹತ್ತಿರ ಹೋದಳು.

“ಸಾರ್, ನಮ್ಮ ಟಾರ್ಪಾಲು?”

“ಓ, ಅದಾ? ಪ್ಲಾಸ್ಟಿಕ್ ಹೆಕ್ಕುವ ಗಾಡಿ ಬಂದಿತ್ತು, ಕೊಟ್ಟಾಯ್ತಲ್ಲ. ನೀವು ಹೆದರ್ಬೇಡಿ. ಮುಂದಿನ ಮೀಟಿಂಗಿನಲ್ಲಿ ಹೊಸತಕ್ಕೆ ಒಂದು ಠರಾವು ಮಾಡುವ.”

ಜೀಪು ಹೋಯಿತು. ಪ್ರೇಮಾವತಿ ಖಾಲಿ ಕುರ್ಚಿಗಳನ್ನು ನೋಡಿದಳು, ಮಗಳನ್ನು ನೋಡಿದಳು, ಆಮೇಲೆ ತಲೆಯೆತ್ತಿ ತಾನೇ ಹೆಣೆದ ಮಡಲನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕುರ್ಚಿ ಎಳೆದು ಅದರ ಮೇಲೆ ಹತ್ತಿದಳು. ಉಳಿದವರಿಗೆ ಹೇಳಬೇಕಾಗಿ ಬರಲಿಲ್ಲ.

ಅತಿಥಿಗಳಿಗೆ ಕೊಡಬೇಕಾಗಿದ್ದ ಸ್ಮರಣಿಕೆ ಕುರ್ಚಿಯಲ್ಲೇ ಮರೆತುಹೋಗಿತ್ತು. ಅದಕ್ಕಾಗಿ ಶರತ್ಚಂದ್ರರು ಸಂಜೆ ಗುಡ್ಡಕ್ಕೆ ವಾಪಸು ಬಂದರು. ಸ್ಮರಣಿಕೆ ಇತ್ತು, ಕುರ್ಚಿಯೂ ಇತ್ತು, ಚಪ್ಪರ ಇರಲಿಲ್ಲ. ಅದು ಪ್ರೇಮಾವತಿಯ ಅಡಿಪಾಯದ ಮೇಲೆ ನಿಂತಿತ್ತು. ಒಳಗೆ ಹೆಂಗಸರು, ಮಕ್ಕಳು, ನಡುವೆ ಚಾಪೆಯ ಮೇಲೆ ನಿದ್ದೆಹೋದ ಮಗು.

“ಇದೆಂತ ಮಾಡಿದ್ದು ನೀವು? ಕಂಬ ಬಾಡಿಗೆಯದ್ದು!”

“ನಮ್ಮ ಟಾರ್ಪಾಲು ಸ್ವಂತದ್ದಾಗಿತ್ತು ಸಾರ್. ಮೆಲ್ಲ ಮಾತಾಡಿ, ಮಗು ಏಳ್ತದೆ.”

ಆಗ ಅವರ ಕಣ್ಣು ಚಪ್ಪರದ ಮಾಡಿನ ಅಂಚಿಗೆ ಹೋಯಿತು. ಗಾಳಿಗೆ ಮಡಲು ಹಾರದಂತೆ ಸುತ್ತಲೂ ಹಗ್ಗ ಇಳಿಬಿಟ್ಟು, ಒಂದೊಂದು ಹಗ್ಗಕ್ಕೂ ಒಂದೊಂದು ಕೆಂಪು ಸಿಲಿಂಡರು ಕಟ್ಟಿದ್ದರು. ಬಳಗದ ಹೆಸರು ಗಾಳಿಗೆ ಅತ್ತಿತ್ತ ತೂಗಾಡುತ್ತಿತ್ತು.

“ಇದನ್ನು ಗೋಡೆಗೆ ಹಾಕ್ಲಿಕ್ಕೆ ಹೇಳಿದ್ದಲ್ವಾ ನಿಮಗೆ?”

“ಹಾಕ್ತೇವೆ ಸಾರ್,” ಎಂದಳು ಪ್ರೇಮಾವತಿ, ಹಗ್ಗದ ಗಂಟು ಬಿಗಿಮಾಡುತ್ತಾ. “ಗೋಡೆ ಕೊಡ್ಲಿಕ್ಕೆ ಇನ್ನೊಂದು ಸಭೆ ಇಡಿ. ಚಪ್ಪರ ನಾವೇ ಹೆಣಿತೇವೆ.”