ಕೊಳವೆಯಲ್ಲಿ ನಿಂತ ಕೇಸು

ಮೇಜಿನ ಮೇಲೆ ತೋಟಾ ತುಂಬುವ ಪ್ರೆಸ್ಸು. ಅದರ ನೆತ್ತಿಯಲ್ಲಿ ಒಂದು ಪಾರದರ್ಶಕ ಬೋಗುಣಿ. ಬೋಗುಣಿಯ ತುಂಬ, ಒಮ್ಮೆ ಸಿಡಿದು ಬರಿದಾಗಿ, ಮತ್ತೆ ಮದ್ದು ತುಂಬಿಸಿಕೊಳ್ಳಲು ಕಾದಿರುವ ಹಿತ್ತಾಳೆಯ ಖಾಲಿ ಕೇಸುಗಳು. ಕಿಟಕಿಯಿಂದ ಇಳಿದ ಮಧ್ಯಾಹ್ನದ ಬೆಳಕು ಅವುಗಳ ಸಣ್ಣ ಬಾಯಿಗಳ ಮೇಲೆ ನಿಂತಿದೆ. ಹಿಡಿಕೆಗೆ ಸುತ್ತಿದ ದಸರೆಯ ಚೆಂಡುಹೂವಿನ ಮಾಲೆ ಮೂರೇ ದಿನಕ್ಕೆ ಕಂದಿದೆ. ಬೋಗುಣಿಯಿಂದ ಕೆಳಗಿಳಿಯುವ ಕೊಳವೆಯ ನಡುವೆ ಒಂದು ಕೇಸು ತುಸು ವಾರೆಯಾಗಿ, ಹೇಳಹೊರಟ ಮಾತು ಗಂಟಲಲ್ಲಿ ಉಳಿದಂತೆ, ನಿಂತಿದೆ.

"ಮತ್ತ ನಿಂತಿತು," ಎಂದ ಹುಲಗೇಶ. "ಮಿಯಾಪುರ ಮೆಟ್ರೋದಾಗ ಬಾಗಲಕ್ಕ ನಿಂತವರಂಗ ನೋಡ್ರಿ ಕಾಕಾ. ತಾನೂ ಇಳಿಯಂಗಿಲ್ಲ, ಹಿಂದಿನವರಿಗೂ ಬಿಡಂಗಿಲ್ಲ."

ಅಂಬಾದಾಸರು ನಗಲಿಲ್ಲ. ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದು, ಒಂದೇ ಒಂದು ತಪ್ಪೂ ತಮ್ಮ ಹೆಸರಿನ ಮುಂದೆ ದಾಖಲಾಗದಂತೆ ನಿವೃತ್ತರಾಗಿ, ಈಗ ಈ ರೈಫಲ್ ಕ್ಲಬ್ಬಿನ ಪ್ರೆಸ್ಸನ್ನು ನೋಡಿಕೊಳ್ಳುತ್ತಿದ್ದವರು ಅವರು. ನಾಳೆ ಬೆಳಿಗ್ಗೆ ನಿರೀಕ್ಷಾ ಎಂಬ ಹುಡುಗಿಗೆ ಆಯ್ಕೆಯ ಪಂದ್ಯ. ಇವತ್ತು ಸಂಜೆ ನಾಲ್ಕರೊಳಗೆ ಅವಳಿಗೆ ಇನ್ನೂರು ತೋಟಾ ಸಿದ್ಧವಾಗಬೇಕು. ಅರವತ್ತೂ ಆಗಿರಲಿಲ್ಲ.

"ನೀ ಆರಿಸಿದ ಮಾಲು ಹಿಂಗs ಇರ್ತೈತಿ. ಬ್ಯಾರೆ ಅಳತೀದು ಯಾವುದೋ ಸೇರೈತಿ."

"ಎರಡ ಸಲ ನೋಡೀನ್ರಿ. ಬೇಕಾದ್ರ ಬೋಗುಣಿ ಸುರುವ್ರಿ."

ಗುಂಡು ಹಾರಿಸುವ ಕಟ್ಟೆಯ ಬಳಿ ಉದುರಿದ ಕೇಸುಗಳನ್ನು ಆಯ್ದು, ಅಳತೆಯಂತೆ ಬೇರ್ಪಡಿಸಿ, ತೊಳೆದು ಒಣಗಿಸುವುದು ಹುಲಗೇಶನ ಕೆಲಸ. ಸಿಮೆಂಟು ಹೊರುವುದನ್ನು ಬಿಟ್ಟು ಅವನು ಈ ನೆರಳಿಗೆ ಬಂದು ಎಂಟು ತಿಂಗಳಾಗಿತ್ತು. ಹೋದ ತಿಂಗಳು ಅವನ ಕಣ್ತಪ್ಪಿ ಬೇರೆ ಅಳತೆಯ ಕೇಸೊಂದು ಸೇರಿ ಯಂತ್ರ ನಿಂತಾಗ, ಕಾರ್ಯದರ್ಶಿ ಆನಂದಕುಮಾರರು ಒಂದೇ ಮಾತು ಹೇಳಿದ್ದರು: ಇನ್ನೊಮ್ಮೆ ಹೀಗಾದರೆ ಬರಬೇಡ.

ಅಂಬಾದಾಸರು ಬೋಗುಣಿಯನ್ನು ಬಟ್ಟೆಯ ಮೇಲೆ ಸುರಿದರು. ಎಲ್ಲವೂ ಒಂದೇ ಅಳತೆ. ಬಾಯಿ ಸೊಟ್ಟಗಾದ ನಾಲ್ಕು ಸಿಕ್ಕವು. ಅವನ್ನು ಮೇಜಿನ ಅಂಚಿಗಿಟ್ಟು ಯಂತ್ರ ನಡೆಸಿದರು. ಏಳನೆಯದು ನಿಂತಿತು. ತಿರುಗುವ ತಟ್ಟೆಯ ತಿರುಪನ್ನು ಸಡಿಲಿಸಿದರು, ಮತ್ತೆ ಬಿಗಿದರು. ಮೇಜು ಅಲುಗುತ್ತಿದೆಯೆಂದು ಕಾಲಿನಡಿಗೆ ರಟ್ಟು ಮಡಿಸಿ ತುರುಕಿದರು. ಹತ್ತೊಂಬತ್ತನೆಯದು ನಿಂತಿತು. ಕಿಟಕಿ ತೆರೆದರು, ಗದ್ದಲವೆಂದು ಮುಚ್ಚಿದರು. ಹುಲಗೇಶ ಮೂರು ಸಲ ಬಾಗಿಲಿಗೆ ಹೋಗಿ, ಆನಂದಕುಮಾರರ ಕಾರು ಬಂತೇ ಎಂದು ಇಣುಕಿ ಬಂದ.

"ಅವ್ರು ಬರೋದ್ರಾಗ ಸಿಗ್ತೈತಲ್ರಿ ಕಾಕಾ?"

"ನಿನ್ನ ಬಾಯಿ ನಿಂತ್ರ ಮಷೀನ್ ನಡೀತೈತಿ."

"ಹಂಗಾದ್ರ ಈಗs ಹೊಲಕೊಂಡೆ ನೋಡ್ರಿ," ಎಂದು ತುಟಿಯ ಮೇಲೆ ಸೂಜಿಯೆಳೆದಂತೆ ಬೆರಳಾಡಿಸಿ, ಅವನು ನಾಲ್ಕನೆಯ ಸಲ ಹೊರಗೆ ಹೋದ.

ಅಂಬಾದಾಸರು ಕೊಳವೆಯನ್ನೇ ಕಳಚಿ ಬೆಳಕಿಗೆ ಹಿಡಿದು ಕಣ್ಣಿಟ್ಟರು. ನಡುವಿನ ಸಂದಿನಲ್ಲಿ, ಕತ್ತರಿಸಿದ ಉಗುರಿನಷ್ಟು ಸಣ್ಣದೊಂದು ಎಲೆ, ಒಣಗಿದ ಅರಿಸಿನಕ್ಕೆ ಅಂಟಿ ಕೂತಿತ್ತು. ಸೂಜಿಯಿಂದ ಎಬ್ಬಿಸಿ ಎಡ ಅಂಗೈಗೆ ಬೀಳಿಸಿಕೊಂಡರು. ಬನ್ನಿಯ ಎಲೆ.

ದಸರೆಯ ದಿನ ಯಂತ್ರಕ್ಕೆ ಪೂಜೆ ಮಾಡಿ, ಹಿರಿಯರಿಗೆ ಬಂಗಾರವೆಂದು ಕೊಡುವಂತೆ ಅದಕ್ಕೂ ಒಂದು ಎಳೆ ಬನ್ನಿಯನ್ನು ಬೋಗುಣಿಯಲ್ಲಿಟ್ಟವರು ಅವರೇ. "ಎಲಿ ಉದುರ್ತಾವ ಕಾಕಾ," ಎಂದಿದ್ದ ಹುಲಗೇಶ. "ಬಂಗಾರದಾಗ ಬಂಗಾರ ಇಡಾಕತ್ತೀನಿ, ನಿನಗೇನಲೇ ತ್ರಾಸು?" ಎಂದು ಗದರಿದ್ದರು. ಎದುರಿನ ಗೋಡೆಯ ಮೇಲೆ ಅವರದೇ ದುಂಡು ಅಕ್ಷರ: ಈ ಮೇಜಿನ ಬಳಿ ಕೇಸುಗಳ ಹೊರತು ಬೇರಾವುದೂ ಬರತಕ್ಕದ್ದಲ್ಲ.

ಬಾಗಿಲು ತೆರೆಯಿತು. ಮುಂದೆ ಆನಂದಕುಮಾರರು, ಹಿಂದೆ ಹುಲಗೇಶ.

"ಕಾರಣ ಸಿಕ್ಕಿತಾ, ಅಂಬಾದಾಸರೆ?"

ಎಡಗೈ ತಾನಾಗಿ ಮುಷ್ಟಿಯಾಯಿತು. "ಸಿಕ್ತರಿ ಸರ್. ಈಗ ನಡೀತೈತಿ." ಬಲಗೈಯೊಂದರಿಂದಲೇ ಕೊಳವೆಯನ್ನು ಕೂರಿಸಿ, ಕೇಸುಗಳನ್ನು ಬೋಗುಣಿಗೆ ತುಂಬಿ, ಗುಂಡಿ ಒತ್ತಿದರು. ಟಕ್, ಟಕ್, ಟಕ್. ಇಪ್ಪತ್ತು ಇಳಿದವು. ಐವತ್ತು ಇಳಿದವು. ಒಂದೂ ನಿಲ್ಲಲಿಲ್ಲ.

ಆನಂದಕುಮಾರರ ಕಣ್ಣು ಮೇಜಿನ ಅಂಚಿನ ನಾಲ್ಕು ಸೊಟ್ಟ ಕೇಸುಗಳ ಮೇಲೆ ಬಿತ್ತು. "ಇವೇ ಅಲ್ವಾ? ಇವನು ಆರಿಸಿದ್ದು?"

ಒಂದು 'ಅಲ್ಲ' ಸಾಕಿತ್ತು. ಅಂಬಾದಾಸರು ಬಾಗಿ, ಬಿಗಿಯಾಗಿಯೇ ಇದ್ದ ತಿರುಪೊಂದನ್ನು ಬಿಗಿಯತೊಡಗಿದರು.

"ಹೋದ ತಿಂಗಳೇ ಹೇಳಿದ್ದೆ. ಏಪ್ರನ್ ಬಿಚ್ಚಿಡಪ್ಪಾ. ನಾಳೆಯಿಂದ ಬೇಡ."

ಹುಲಗೇಶ ನಾಲ್ಕು ಸೊಟ್ಟ ಕೇಸುಗಳನ್ನು ನೋಡಿದ. ಸರಾಗವಾಗಿ ಓಡುತ್ತಿದ್ದ ಯಂತ್ರವನ್ನು ನೋಡಿದ. ಏಪ್ರನ್ ಬಿಚ್ಚಿ, ಮಡಿಸಿ, ಸ್ಟೂಲಿನ ಮೇಲಿಟ್ಟ. ಕಡೆಗೆ ಅವನ ನೋಟ ಅಂಬಾದಾಸರ ಎಡಗೈಗೆ ಬಂದು ಅಲ್ಲಿಯೇ ಉಳಿಯಿತು. ಬೆರಳುಗಳ ಸಂದಿಯಿಂದ ಒಂದಿಷ್ಟು ಹಳದಿ ಕಾಣುತ್ತಿತ್ತು.

"ಮುಷ್ಟಿ ಸಡ್ಲ ಬಿಡ್ರಿ ಕಾಕಾ," ಎಂದ ಮೆಲ್ಲಗೆ. "ಕೈ ನೋಯ್ತೈತಿ."

ಅವನು ಹೊರಟ. ಆ ಕಬ್ಬಿಣದ ಬಾಗಿಲಿಗೆ ಸ್ಪ್ರಿಂಗು ಕೂರಿಸಿ, ಎಣ್ಣೆ ಹಾಕಿ, ತಾನಾಗಿ ನಿಧಾನಕ್ಕೆ ಮುಚ್ಚುವ ಹಾಗೆ ಮಾಡಿದವರು ಅಂಬಾದಾಸರೇ. ಒಬ್ಬನನ್ನು ಹೆಸರು ಹಿಡಿದು ಕರೆಯುವಷ್ಟು ಹೊತ್ತು ಅದು ತೆರೆದೇ ಇತ್ತು. ಆಮೇಲೆ ಮುಚ್ಚಿಕೊಂಡಿತು.