ಅಕ್ಕನ ಗದ್ದುಗೆ

ಯೂನಿವರ್ಸಿಟಿ ಹಾಸ್ಟೆಲಿಗೆ ಬಂದ ವಾರದಲ್ಲೇ ಕಸ್ತೂರಿಯ ಬಕೆಟ್ ಕಳುವಾಯಿತು. ಕೈಗೆ ಒತ್ತಬಾರದೆಂದು ಅವ್ವ ಅದರ ಹಿಡಿಗೆ ಹಸಿರು ಸೀರೆಯ ಅಂಚು ಸುತ್ತಿಕೊಟ್ಟಿದ್ದಳು. ಮರುದಿನವೇ ಸೀನಿಯರ್ ಹುಡುಗಿಯರ ಬಳಗದಿಂದ ಕರೆ ಬಂತು. ಬಳಗದ ಹಿರಿಯಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು.

“ನಮ್ಮ ಬಳಗ ಸೇರ್ತಿಯೋ ಇಲ್ಲೋ?”

“ಸೇರಿದ್ರ ಏನ್ ಸಿಗ್ತೈತ್ರಿ ಅಕ್ಕಾರ?”

“ನಿನ್ನ ಸಾಮಾನು ಮುಟ್ಟಾಕ ಯಾರಿಗೂ ಧೈರ್ಯ ಆಗಂಗಿಲ್ಲ.”

“ಸೇರದಿದ್ರ?”

“ನಿನ್ನೆ ಬಕೆಟ್ ಹೋತು, ನಾಳೆ ಚಪ್ಪಲಿ ಹೋಗ್ತಾವ. ಒಬ್ಬಾಕಿನ ಇರಾಕಿಗೆ ಇಲ್ಲಿ ಯಾರವ್ವಾ ದಿಕ್ಕು?”

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಹೂಂ ಅಂದುಬಿಡೋಣವೆಂದು ಕಸ್ತೂರಿ ತಲೆ ತಗ್ಗಿಸಿದಳು. ನೆಲಕ್ಕೆ ತಾಗಿದ್ದ ಬಕೆಟ್ಟಿನ ಹಿಡಿಯಲ್ಲಿ ಹಸಿರು ಅಂಚು ಕಣ್ಣಿಗೆ ಬಿತ್ತು. ತಲೆ ಎತ್ತಿದಳು.

“ಸೇರಂಗಿಲ್ರಿ. ಮೊದಲ ನನ್ನ ಬಕೆಟ್ ಮ್ಯಾಲಿಂದ ಏಳ್ರಿ!”